ಶಿಲಾಭೇದನವೂ ಕಾಚಭೇದನವೂ

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ ಐ.ಡಿ.ಹಳ್ಳಿ ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ಹೋಬಳಿಯ ಪೂರ್ಣನಾಮ ಇಟಕದಿಬ್ಬನಹಳ್ಳಿ. ತೆಲುಗು ಸೀಮೆಯ ಅಂಚಿನಲ್ಲಿರುವ ಈ ಭಾಗದಲ್ಲಿ ಎರಡು ಭಾಷೆಗಳ ಶಬ್ದಗಳು ಕೂಡಿ ಊರ ಹೆಸರುಗಳಾಗುವುದು ವಿರಳವಲ್ಲ. ತೆಲುಗಿನ ‘ಇಟುಕ’, ಕನ್ನಡದ ‘ಇಟ್ಟಿಗೆ’ ಇವೆರಡೂ ಸಂಸ್ಕೃತದ ‘ಇಷ್ಟಕಾ’ ಶಬ್ದಕ್ಕೆ ಸಂಬಂಧಿಸಿದವು. ಹೆಸರನ್ನು ಬಿಡಿಸಿದರೆ ಇಟ್ಟಿಗೆಯ ದಿಬ್ಬದ ಹಳ್ಳಿ ಎಂಬ ಅರ್ಥ ಹೊರಡುವುದು. ಇಟ್ಟಿಗೆಯೆಂದರೆ ಬೆಂಕಿಯ ಬಲದಿಂದ ಒಂದುಗೂಡಿದ ಮಣ್ಣು. ಆದರೆ ಈ ಹಳ್ಳಿಯನ್ನು ಬಳಸಿಕೊಂಡಿರುವ ಬೆಟ್ಟಗಳ ನಾಡಿನಲ್ಲಿ ಬೆಂಕಿಗೆ ಇದಕ್ಕೆ ವಿರುದ್ಧವಾದ ಇನ್ನೊಂದು ಉದ್ಯೋಗವೂ ಉಂಟು. ಅದು ಒಂದಾಗಿರುವುದನ್ನು ಎರಡು ಮಾಡುವುದು. ಈ ಎರಡನೆಯ ಉದ್ಯೋಗದ ಚರಿತ್ರೆಯೂ, ಅದೇ ತತ್ತ್ವವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಜನ್ನು ಸೀಳುವ ಲೇಸರ್ ಕಿರಣದಲ್ಲಿ ಮತ್ತೆ ತಲೆದೋರಿದ ಬಗೆಯೂ ಪ್ರಕೃತ ಲೇಖನದ ವಿಷಯ.

ಮೊದಲು ಶಬ್ದವಿಚಾರ. ಬಟ್ಟೆಯನ್ನು ಕತ್ತರಿಸುವುದು, ಪೈರನ್ನು ಕೊಯ್ಯುವುದು, ಮರವನ್ನು ಸೀಳುವುದು, ಕಲ್ಲನ್ನು ಒಡೆಯುವುದು ಎಂದು ಕನ್ನಡವು ಒಂದೊಂದು ವಸ್ತುವಿಗೆ ಒಂದೊಂದು ಕ್ರಿಯಾಪದವನ್ನು ಗೊತ್ತುಮಾಡಿಕೊಂಡಿದೆ. ‘ಕಾಚ’ ಶಬ್ದದ ತದ್ಭವವಾದ ‘ಗಾಜಿ’ಗೂ ಒಡೆಯುವುದೇ ಸಹಜವಾದ ಕ್ರಿಯೆ. ಬಳೆಯ ವಿಷಯದಲ್ಲಿ ಮಾತ್ರ ಅದು ಅಮಂಗಳವೆಂದೆಣಿಸಿ, ‘ಬಳೆ ಹೆಚ್ಚಿತು’ ಎಂದು ಹೆಂಗಸರು ನುಡಿಯುವುದುಂಟು. ‘ಗಾಜು ಕತ್ತರಿಸುವುದು’ ಎಂಬ ಪ್ರಯೋಗ ಈಚಿನದು. ವಸ್ತುಸ್ವರೂಪವನ್ನು ನೋಡಿದರೆ ಅಷ್ಟು ಸಮಂಜಸವೂ ಅಲ್ಲ. ಕತ್ತರಿಯು ಬಟ್ಟೆಯ ಎಳೆಗಳನ್ನು ಒಂದೊಂದಾಗಿ ತುಂಡರಿಸುವಂತೆ ಗಾಜನ್ನು ತುಂಡರಿಸುವ ಅಲಗು ಯಾವುದೂ ಇಲ್ಲ. ಗಾಜುಗಾರನು ಒಂದು ಬಿರುಕನ್ನು ಹುಟ್ಟಿಸಿ ಅದನ್ನು ತನಗೆ ಬೇಕಾದ ದಾರಿಯಲ್ಲಿ ನಡೆಸುತ್ತಾನೆ. ಕಲ್ಲುಕುಟಿಗನು ಮಾಡುವುದೂ ಇದನ್ನೇ. ಇಬ್ಬರ ವಿದ್ಯೆಯೂ ಬಿರುಕನ್ನು ಪಳಗಿಸುವ ವಿದ್ಯೆ.

ಕಾಯಿಸಿ ಕಲ್ಲೊಡೆಯುವ ಕ್ರಮ ಭಾರತದಲ್ಲಿ ಬಹು ಪ್ರಾಚೀನ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಂತರ್ಜಲವನ್ನು ಕಂಡುಹಿಡಿಯುವ ಉಪಾಯಗಳನ್ನು ಹೇಳುವ ದಕಾರ್ಗಲಾಧ್ಯಾಯದಲ್ಲಿ, ಬಾವಿ ತೋಡುವಾಗ ಬಂಡೆ ಅಡ್ಡಬಂದು ಒಡೆಯಲಾರದೆ ಹೋದರೆ ಮುತ್ತುಗ ಮತ್ತು ತುಂಬುರದ ಕಟ್ಟಿಗೆಗಳಿಂದ ಅದರ ಮೇಲೆ ಉರಿಯೆಬ್ಬಿಸಿ, ಕಲ್ಲು ಕೆಂಪೇರಿದ ಮೇಲೆ ಸುಣ್ಣದ ನೀರನ್ನು ಎರಚಬೇಕೆಂದು ವಿಧಿಸುತ್ತಾನೆ. ಅಲ್ಲಿಯೇ ಮಜ್ಜಿಗೆ, ಗಂಜಿ, ಹುರುಳಿ ಮುಂತಾದವುಗಳನ್ನು ಕೂಡಿಸಿದ ಬೇರೆ ದ್ರವಗಳ ಪಾಠಗಳೂ ಇವೆ. ಸುಮಾರು ೧೦೨೫ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ಜಲಶೋಧನೆಗೆ ಒಂದು ಅಧ್ಯಾಯ ಮೀಸಲಾಗಿರುವುದನ್ನು ನೋಡಿದರೆ ಈ ಶಾಸ್ತ್ರವು ಕನ್ನಡಿಗರಿಗೆ ಹೊಸತಾಗಿರಲಿಲ್ಲವೆಂಬುದು ಸ್ಪಷ್ಟ. ರೋಮನ್ ಇತಿಹಾಸಕಾರ ಲಿವಿಯು ಹ್ಯಾನಿಬಲನು ಆಲ್ಪ್ಸ್ ಪರ್ವತವನ್ನು ದಾಟುವಾಗ ಬಂಡೆಯನ್ನು ಕಾಯಿಸಿ ಹುಳಿರಸ ಎರೆದನೆಂದು ಬರೆದಿರುವುದೂ ಈ ಜಾತಿಯದೇ. ಸುಣ್ಣದ ನೀರೋ ಮಜ್ಜಿಗೆಯೋ ಹುಳಿರಸವೋ ಎಂಬ ಭೇದದಲ್ಲಿ ಹೆಚ್ಚಿನ ಹುರುಳಿಲ್ಲ. ಕಾದ ಮೇಲ್ಮೈಯನ್ನು ಥಟ್ಟನೆ ತಣಿಸುವುದೇ ಇವೆಲ್ಲದರ ಸಾರ. ಆದರೆ ಇದರಿಂದ ಬಂಡೆ ಚೂರಾಗುವುದೇ ಹೊರತು ಚಪ್ಪಡಿ ಏಳುವುದಿಲ್ಲ. ಬಾವಿ ತೋಡುವವನಿಗೆ ಚೂರಾದರೆ ಸಾಕು. ಮನೆ ಕಟ್ಟುವವನಿಗೆ ಸಾಲದು.

ಚಪ್ಪಡಿ ಏಳಿಸುವ ವಿದ್ಯೆಯನ್ನು ಮೈಸೂರು ಸೀಮೆಯ ಕಲ್ಲೊಡೆಯುವವರು ಎಷ್ಟು ಎತ್ತರಕ್ಕೆ ಒಯ್ದಿದ್ದರೆಂಬುದಕ್ಕೆ ಒಂದು ಅಮೂಲ್ಯವಾದ ಸಾಕ್ಷ್ಯ ಉಳಿದಿದೆ. ೧೮೯೫ರಲ್ಲಿ ಎಚ್. ವಾರ್ತ್ ಎಂಬ ಭೂವಿಜ್ಞಾನಿಯು ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಬೆಂಗಳೂರಿನ ಕಲ್ಲುಗಣಿಯೊಂದರಲ್ಲಿ ನಡೆಯುತ್ತಿದ್ದ ಕೆಲಸವನ್ನು ವಿವರಿಸಿದನು. ಅವನು ಕೊಟ್ಟ ವೃತ್ತಾಂತ ಹೀಗಿದೆ. ಸಮತಟ್ಟಾದ ಬಂಡೆಯ ಮೇಲೆ ಮೊದಲು ಸುಮಾರು ೭ ಅಡಿ ಉದ್ದದ ಒಂದು ಕಿರಿದಾದ ಬೆಂಕಿಯ ಸಾಲನ್ನು ಹಗುರವಾದ ಒಣಕಟ್ಟಿಗೆಯಿಂದ ಹೊತ್ತಿಸುವರು. ಕೆಲಸಗಾರನು ಬೆಂಕಿಯ ಮುಂಭಾಗದ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಿರುವನು. ಕೆಳಗಿನ ಬಂಡೆಯಿಂದ ಮೇಲಿನ ಪದರ ಬಿಟ್ಟಿತೆಂದು ಧ್ವನಿಯಿಂದ ತಿಳಿದೊಡನೆ ಉರಿಯುವ ಕೊಳ್ಳಿಗಳನ್ನು ಕೆಲವು ಅಂಗುಲ ಮುಂದಕ್ಕೆ ನೂಕುವರು, ಮತ್ತೆ ತಟ್ಟಿ ನೋಡುವರು, ಮತ್ತೆ ನೂಕುವರು. ಹೀಗೆ ಮುಂದುವರಿಯುತ್ತ ಬೆಂಕಿಯ ಸಾಲು ಹೊಸ ಕಲ್ಲಿನ ಕಡೆಗೆ ಬಿಲ್ಲಿನಂತೆ ಬಾಗಿ ಸುಮಾರು ೨೫ ಅಡಿಗಳವರೆಗೆ ಬೆಳೆಯುವುದು. ಗಂಟೆಗೆ ಹೆಚ್ಚುಕಡಮೆ ೬ ಅಡಿಯಂತೆ ೮ ಗಂಟೆಗಳ ಕಾಲ ಅದು ನಡೆಯಿತು. ಬೆಂಕಿ ಹಾದುಹೋದ ನೆಲ ೪೬೦ ಚದರಡಿ. ಬಿರುಕು ಎರಡು ಮಗ್ಗುಲಿಗೂ ಸುಮಾರು ಮೂರು ಮೂರಡಿ ಹಬ್ಬಿದ್ದರಿಂದ ಬಿಡಿಸಿ ಬಂದ ಚಪ್ಪಡಿ ೭೪೦ ಚದರಡಿ. ದಪ್ಪ ಸರಾಸರಿ ೫ ಅಂಗುಲ. ಒಂದು ಪೌಂಡು ಕಟ್ಟಿಗೆಗೆ ಮೂವತ್ತು ಪೌಂಡು ಕಲ್ಲು ದೊರೆಯಿತೆಂದು ವಾರ್ತ್ ಲೆಕ್ಕ ಹಾಕಿದ್ದಾನೆ.

ಈ ವೃತ್ತಾಂತದಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು, ಬಂಡೆಯೆಲ್ಲ ಕಾಯುವುದಿಲ್ಲ. ಬೆಂಕಿಯ ಸಾಲಿನ ಕೆಳಗೆ ಮಾತ್ರ ಕಾಯುವುದು. ಕಲ್ಲು ಉಷ್ಣವನ್ನು ಬಹು ನಿಧಾನವಾಗಿ ಸಾಗಿಸುವ ವಸ್ತುವಾದ್ದರಿಂದ ಮೇಲಿನ ಪದರ ಹಿಗ್ಗಬಯಸಿ, ತಣ್ಣಗಿರುವ ಕೆಳಗಿನ ಬಂಡೆ ಅದನ್ನು ತಡೆದು, ಆ ಸೆಣಸಿನಿಂದ ಬಿರುಕಿನ ತುದಿ ಮುಂದಕ್ಕೆ ಓಡುವುದು. ಬೆಂಕಿ ಕಲ್ಲನ್ನು ಸುಟ್ಟು ತುಂಡರಿಸುವುದಿಲ್ಲ. ಬಿರುಕಿಗೆ ದಾರಿ ತೋರಿಸುವುದು ಅಷ್ಟೇ. ಎರಡನೆಯದು, ಉರಿ ತಾಗಿದ ಮುಖದಿಂದ ಅಂಗುಲದ ಎಂಟನೆಯ ಒಂದು ಭಾಗದಷ್ಟು ದಪ್ಪದ ಚಕ್ಕೆಗಳು ಸಿಡಿದು ಬೂದಿಯೊಡನೆ ಬೆರೆತು ಬೀಳುತ್ತಿದ್ದುವು. ಐದು ಅಂಗುಲದ ಆಳದಲ್ಲಿ ನಡೆಯುವ ಮುಖ್ಯ ಸೀಳಿಕೆಗೂ ಇವಕ್ಕೂ ಸಂಬಂಧವಿಲ್ಲವೆಂದು ವಾರ್ತ್ ಸ್ಪಷ್ಟವಾಗಿ ಹೇಳಿದ್ದಾನೆ. ಇದು ಕೆಲಸಕ್ಕೆ ಬೇಡದ, ಆದರೆ ಬೆಂಕಿಯೊಡನೆ ತಪ್ಪದೆ ಬರುವ ಹಾನಿ. ಕಣಶಿಲೆಯಲ್ಲಿರುವ ಬೆಣಚುಕಲ್ಲಿನ ಕಣಗಳು ೫೭೩ ಡಿಗ್ರಿ ಸೆಂಟಿಗ್ರೇಡಿನಲ್ಲಿ ರೂಪಾಂತರ ಹೊಂದಿ ಹಠಾತ್ತಾಗಿ ಹಿಗ್ಗುವುದರಿಂದ ಮಿತಿಮೀರಿ ಕಾದ ಕಲ್ಲು ಒಳಗೊಳಗೇ ಸಡಿಲವಾಗುವುದೆಂದು ಈಗ ತಿಳಿದಿದೆ.

ಶಾಸನಾಭ್ಯಾಸಿಗಳಿಗೆ ಈ ಚಕ್ಕೆಯ ಲೆಕ್ಕ ಸಣ್ಣದಲ್ಲ. ಅಂಗುಲದ ಎಂಟನೆಯ ಒಂದು ಭಾಗವೆಂದರೆ ಸುಮಾರು ಮೂರು ಮಿಲಿಮೀಟರು. ಬಂಡೆಯ ಮೇಲೆ ಕೊರೆದ ಎಷ್ಟೋ ಶಾಸನಾಕ್ಷರಗಳ ಆಳ ಇದಕ್ಕಿಂತ ಹೆಚ್ಚಿಲ್ಲ. ಉಳಿಯ ಪೆಟ್ಟಿಗೆ ಸಿಕ್ಕಿ ಇಬ್ಭಾಗವಾದ ಶಾಸನವನ್ನು ಜೋಡಿಸಿ ಓದಬಹುದು. ಬೆಂಕಿಯ ಸಾಲು ಹಾದುಹೋದ ಬಂಡೆಯಲ್ಲಿ ಜೋಡಿಸುವುದಕ್ಕೇ ಏನೂ ಉಳಿಯದು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ೧೯೦೪ರಲ್ಲಿ ಪ್ರಕಟಿಸಿದರು. ಆ ಸಂಪುಟವನ್ನು ಹಿಡಿದು ಬೆಟ್ಟಗಳನ್ನು ಹತ್ತುವವರು ಅಕ್ಷರಗಳಷ್ಟನ್ನೇ ಹುಡುಕದೆ, ಸುತ್ತಲಿನ ಬಂಡೆಯ ಮೈಯಲ್ಲಿ ಕೆಂಪು ಛಾಯೆಯೂ ಚಕ್ಕೆಯೆದ್ದ ಗುರುತೂ ಇವೆಯೇ ಎಂದು ನೋಡುವುದು ಲೇಸು.

ಬೆಂಕಿಯಿಲ್ಲದೆ ಸೀಳುವ ಕ್ರಮವೂ ಈ ನಾಡಿನಲ್ಲಿ ಧಾರಾಳವಾಗಿ ಬಳಕೆಯಲ್ಲಿತ್ತು. ಸೀಳಬೇಕಾದ ಗೆರೆಯ ಉದ್ದಕ್ಕೂ ಒಂದೇ ಅಂತರದಲ್ಲಿ ಗುಳಿಗಳನ್ನು ಕೊರೆದು, ಅವುಗಳಲ್ಲಿ ಬೆಣೆಗಳನ್ನಿಟ್ಟು ಸರದಿಯಂತೆ ಬಡಿಯುವುದು ಅದರ ರೀತಿ. ಹಂಪೆಯ ಬಂಡೆಗಳಲ್ಲಿ ಹಲ್ಲಿನ ಸಾಲಿನಂತೆ ಇಂದಿಗೂ ಕಾಣುವ ಗುಳಿಗಳು ಇದರ ಕುರುಹು. ಶಿರಾದಲ್ಲಿ ೧೬೫೧ರ ಮಲಿಕ್ ರಿಹಾನನ ಗೋರಿಯನ್ನಾಗಲಿ ೧೬೯೬ರ ಜುಮ್ಮಾ ಮಸೀದಿಯನ್ನಾಗಲಿ ನೋಡಿದವರಿಗೆ ಈ ಸೀಮೆಯಲ್ಲಿ ಕಲ್ಲಿನ ಕೆಲಸ ಎಷ್ಟು ನಯವನ್ನು ಮುಟ್ಟಿತ್ತೆಂಬುದು ಗೊತ್ತಾಗುವುದು. ಮಧುಗಿರಿ, ಕೊರಟಗೆರೆಗಳ ಕಡೆ ಹೊಳೆಗಳ ಕಪ್ಪು ಮರಳಿನಿಂದ ಕಬ್ಬಿಣ ಕಾಸುವ ಉದ್ಯಮವೂ ಹಿಂದೆ ನಡೆಯುತ್ತಿತ್ತಾದ್ದರಿಂದ ಉಳಿ ಬೆಣೆಗಳಿಗೆ ಬೇಕಾದ ಲೋಹ ದೂರದಿಂದ ಬರಬೇಕಾಗಿರಲಿಲ್ಲ. ಕಲ್ಲಂತೂ ಕಾಲಕೆಳಗೇ ಇತ್ತು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಭೂವಿಜ್ಞಾನದಲ್ಲಿ ಹೆಸರು ಪಡೆದ ಕಣಶಿಲೆಯ ಪಟ್ಟಿ ಉತ್ತರಾಭಿಮುಖವಾಗಿ ಈ ತಾಲ್ಲೂಕುಗಳನ್ನು ಹಾಯ್ದುಹೋಗುತ್ತದೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಮಧುಗಿರಿಯ ಏಕಶಿಲೆಯ ದುರ್ಗವೂ ಅದರದೇ. ಈ ಕಲ್ಲಿನಲ್ಲಿ ಬದುಕು ಕಂಡುಕೊಂಡವರಲ್ಲಿ, ‘ಕಲ್ಲು ಒಡ್ಡ’, ‘ಮಣ್ಣು ಒಡ್ಡ’ ಎಂದು ಹಿಂದೆ ವೃತ್ತಿಯಿಂದ ವಿಂಗಡಿಸಲ್ಪಟ್ಟಿದ್ದ ಭೋವಿ ಸಮುದಾಯದವರು ಮುಖ್ಯರು. ಶಿಲ್ಪಿಗಳ ಹೆಸರು ಶಾಸನಗಳಲ್ಲಿ ಸಿಗುವುದುಂಟು. ಶಿಲ್ಪಿಗೆ ಕಲ್ಲನ್ನು ಒದಗಿಸಿದವನ ಹೆಸರನ್ನು ಬರೆಯುವ ವಾಡಿಕೆ ಇರಲಿಲ್ಲ.

ಬೆಂಕಿಯ ಗೆರೆ, ಗುಳಿಗಳ ಸಾಲು ಎಂಬ ಈ ಎರಡು ಉಪಾಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಗಾಜಿನ ಕಡೆಗೆ ತಿರುಗಬಹುದು.

ಕನ್ನಡನಾಡಿನ ಗಾಜು ಬಳೆಯ ಗಾಜು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿಯೂ ಹೊಸದುರ್ಗದ ಕಡೆಯ ಮತ್ತೋಡಿನಲ್ಲಿಯೂ ಗಾಜಿನ ಬಳೆಗಳನ್ನು ಮಾಡುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಮತ್ತೋಡಿನ ಬಳೆಗಳು ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಬಣ್ಣಗಳವು. ರೈಸ್ ಅವರ ಗ್ಯಾಸೆಟಿಯರಿನ ಕಾಲಕ್ಕೆ ಆ ಕೈಗಾರಿಕೆ ಇಳಿಮುಖವಾಗಿತ್ತು. ಬಳೆಗಾರನ ಗಾಜಿಗೆ ಕತ್ತರಿಯ ಅಗತ್ಯವಿಲ್ಲ. ಕುಲುಮೆಯಿಂದ ತೆಗೆದ ಮುದ್ದೆ ಬಿಸಿಯಿರುವಾಗಲೇ ಉಂಗುರವಾಗುವುದು. ಹಲಗೆಯ ಗಾಜು ಬಂದ ಮೇಲೆಯೇ ಅದನ್ನು ಸೀಳುವ ಪ್ರಶ್ನೆ ಹುಟ್ಟುವುದು. ಆ ಪ್ರಶ್ನೆಯನ್ನು ಮೊದಲು ಎದುರಿಸಿದವರು ಯೂರೋಪಿನ ದೇವಾಲಯಗಳಿಗೆ ಬಣ್ಣದ ಗಾಜಿನ ಕಿಟಕಿಗಳನ್ನು ಜೋಡಿಸುತ್ತಿದ್ದ ಕುಶಲಿಗಳು. ಹನ್ನೆರಡನೆಯ ಶತಮಾನದ ಥಿಯೋಫಿಲಸ್ ಎಂಬ ಸನ್ಯಾಸಿ ತನ್ನ ಶಿಲ್ಪಗ್ರಂಥದಲ್ಲಿ ಅವರ ಕ್ರಮವನ್ನು ಹೇಳಿದ್ದಾನೆ: ಕಾಸಿದ ಕಬ್ಬಿಣದ ತುದಿಯನ್ನು ಗಾಜಿನ ಅಂಚಿಗೆ ತಾಗಿಸಬೇಕು, ಬಿರುಕು ಹುಟ್ಟದಿದ್ದರೆ ಉಗುಳಿನಿಂದ ಒದ್ದೆಮಾಡಬೇಕು, ಹುಟ್ಟಿದ ಮೇಲೆ ಬೇಕಾದ ಕಡೆಗೆ ಕಬ್ಬಿಣವನ್ನು ಎಳೆದರೆ ಬಿರುಕು ಹಿಂಬಾಲಿಸುವುದು. ಕಬ್ಬಿಣದ ತುದಿಗೆ ಬದಲಾಗಿ ಕೊಳ್ಳಿಯ ಸಾಲನ್ನು, ಗಾಜಿಗೆ ಬದಲಾಗಿ ಬಂಡೆಯನ್ನು ಇಟ್ಟರೆ ಇದು ಬೆಂಗಳೂರಿನ ಕಲ್ಲುಗಣಿಯೇ ಆಗುವುದು. ಒಬ್ಬರಿಂದೊಬ್ಬರು ಕಲಿತರೆಂದು ಊಹಿಸಬೇಕಾದ್ದಿಲ್ಲ. ಉಷ್ಣವನ್ನು ಬೇಗ ಸಾಗಿಸದ, ಬಾಗದೆ ಒಡೆಯುವ ವಸ್ತು ಎಲ್ಲಿ ದೊರೆತರೂ ಕೈಯುಳ್ಳವನು ಇದೇ ದಾರಿಗೆ ಬರುವನು.

ಆ ಬಳಿಕ ವಜ್ರದ ಮೊನೆ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕಿನ ಪುಟ್ಟ ಗಾಲಿ ಅದರೊಡನೆ ಸೇರಿತು. ಇವು ಗಾಜನ್ನು ಕತ್ತರಿಸುವುದಿಲ್ಲ, ಗೀರುವುವು. ಗೀರಿನ ಮೇಲೆ ಬಗ್ಗಿಸಿದರೆ ಗಾಜು ಇಬ್ಭಾಗವಾಗುವುದು. ಇಷ್ಟು ಸಣ್ಣ ಗೀರಿಗೆ ಅಷ್ಟು ಬಲವೆಲ್ಲಿಂದ ಬಂದಿತೆಂಬುದನ್ನು ಇಂಗ್ಲೆಂಡಿನ ಎ. ಎ. ಗ್ರಿಫಿತ್ ೧೯೨೧ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ವಿವರಿಸಿದನು. ಗಾಜಿನ ಬಲ ಅದರ ಮೈಯಲ್ಲಿರುವ ಅತಿ ದೊಡ್ಡ ಬಿರುಕಿಗೆ ಅಧೀನ. ಎಳೆತವೆಲ್ಲ ಆ ಬಿರುಕಿನ ತುದಿಯಲ್ಲಿ ಸೇರಿಕೊಳ್ಳುವುದು. ಇದರಿಂದ ಒಂದು ತೊಡಕೂ ಹೊರಪಟ್ಟಿತು. ಗಾಲಿ ಗೀರಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಅಡ್ಡಬಿರುಕುಗಳು ಅನೇಕ ಉಳಿಯುವುವು. ಹಲಗೆ ಮುಂದೆ ಯಾವಾಗಲಾದರೂ ಒಡೆದರೆ ಅಂಚಿನಿಂದ ಒಡೆಯುವುದೇ ಹೆಚ್ಚು.

೧೯೬೦ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. ೧೯೬೪ರಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಕುಮಾರ್ ಪಟೇಲರು ಇಂಗಾಲಾಮ್ಲ ವಾಯುವಿನಿಂದ ನಡೆಯುವ ಲೇಸರನ್ನು ರಚಿಸಿದರು. ಇದರ ಕಿರಣದ ತರಂಗಾಂತರ ೧೦.೬ ಮೈಕ್ರೋಮೀಟರು, ಮೈಕ್ರೋಮೀಟರೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕಣ್ಣಿಗೆ ಕಾಣುವ ಬೆಳಕಿಗೆ ಪಾರದರ್ಶಕವಾದ ಗಾಜು ಈ ಕಿರಣಕ್ಕೆ ಮಾತ್ರ ಗೋಡೆಯಂತಿದ್ದು, ಮೇಲ್ಮೈಯಲ್ಲಿಯೇ ಅದನ್ನು ನುಂಗಿ ಕಾಯುವುದು. ೧೯೬೯ರಲ್ಲಿ ಲಮ್ಲಿ ಎಂಬವನು ಈ ಕಿರಣದಿಂದ ಗಾಜು ಮುಂತಾದ ಭಿದುರವಸ್ತುಗಳನ್ನು ಕರಗಿಸದೆ, ಬರಿಯ ಉಷ್ಣದ ಸೆಣಸಿನಿಂದ ಬಿರುಕನ್ನು ನಡೆಸಿ ಬೇರ್ಪಡಿಸಬಹುದೆಂದು ತೋರಿಸಿದನು. ಮುಂದೆ ೧೯೯೦ರ ದಶಕದಲ್ಲಿ ರಷ್ಯದ ಕೊಂಡ್ರಾಟೆಂಕೊ ಕಿರಣದ ಬೆನ್ನಿಗೇ ತಣ್ಣನೆಯ ತುಂತುರನ್ನು ಹಾಯಿಸುವ ಕ್ರಮವನ್ನು ಬಳಕೆಗೆ ತಂದನು. ಥಿಯೋಫಿಲಸನ ಕಬ್ಬಿಣವೂ ವರಾಹಮಿಹಿರನ ಸುಣ್ಣದ ನೀರೂ ಇಲ್ಲಿ ಒಟ್ಟಿಗೆ ಬಂದುವೆನ್ನಬಹುದು. ಕಾದ ಗೆರೆ ಮುಂದೆ, ತಂಪು ಹಿಂದೆ, ನಡುವೆ ಬಿರುಕು: ಹೀಗೆ ಸೀಳಿದ ಅಂಚು ಗಾಲಿಯ ಅಂಚಿಗಿಂತ ಎಷ್ಟೋ ನುಣುಪು, ಎಷ್ಟೋ ಗಟ್ಟಿ.

ಆದರೆ ಈ ಕ್ರಮಕ್ಕೆ ಕೊಂಕಾದ ಗೆರೆಗಳಲ್ಲಿ ಬಿರುಕು ಹಿಡಿತ ತಪ್ಪುವುದು. ಕಿರಣವನ್ನು ಇನ್ನೂ ಚುರುಕುಮಾಡಿ ಗಾಜನ್ನು ಕರಗಿಸಿ ಕೊರೆಯೋಣವೆಂದರೆ ಬೆಂಗಳೂರಿನ ಚಕ್ಕೆಗಳ ಕಥೆಯೇ ಮರುಕಳಿಸುವುದು: ಕರಗಿ ಮತ್ತೆ ಗಟ್ಟಿಯಾದ ಅಂಚಿನಲ್ಲಿ ಎಳೆತ ಉಳಿದು ತಾನಾಗಿ ಬಿರುಕು ಬಿಡುವುದು. ಸಾಮಾನ್ಯವಾದ ಕಿಟಕಿಯ ಗಾಜು ಶುದ್ಧ ಸಿಲಿಕದ ಗಾಜಿಗಿಂತ ಹದಿನೈದು ಪಾಲಿಗೂ ಮಿಗಿಲಾಗಿ ಹಿಗ್ಗುವುದರಿಂದ ಈ ಅಪಾಯ ಅದಕ್ಕೆ ಹೆಚ್ಚು.

ಇದರಿಂದ ಬಿಡುಗಡೆಯ ದಾರಿ ಕಾಲವನ್ನು ಕಿರಿದುಮಾಡುವುದರಲ್ಲಿತ್ತು. ೧೯೮೫ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಎಂಬವರು, ಲೇಸರಿನ ಅಲ್ಪಕಾಲದ ಮಿಡಿತವನ್ನು ಮೊದಲು ಹಿಗ್ಗಲಿಸಿ, ಆಮೇಲೆ ಬಲಪಡಿಸಿ, ಕೊನೆಗೆ ಕುಗ್ಗಿಸುವ ಉಪಾಯವನ್ನು ಕಂಡುಹಿಡಿದರು. ೨೦೧೮ರ ನೊಬೆಲ್ ಪಾರಿತೋಷಕದಲ್ಲಿ ಇವರಿಗೆ ಪಾಲು ದೊರೆತುದು ಇದಕ್ಕಾಗಿಯೇ. ಹೀಗೆ ಪಡೆದ ಮಿಡಿತದ ಅವಧಿಯನ್ನು ಫೆಮ್ಟೊಸೆಕೆಂಡುಗಳಲ್ಲಿ ಎಣಿಸುವರು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದರೆ ಒಂದು ಫೆಮ್ಟೊಸೆಕೆಂಡು. ಬೆಳಕು ಇಷ್ಟು ಸಾಂದ್ರವಾದಾಗ ಪಾರದರ್ಶಕವಾದ ಗಾಜೂ ಅದನ್ನು ಬಿಡಲಾರದು. ಅನೇಕ ಬೆಳಕಿನ ಕಣಗಳು ಒಟ್ಟಿಗೆ ತಾಗಿ ಎಲೆಕ್ಟ್ರಾನನ್ನು ಕಿತ್ತೆಬ್ಬಿಸುವುವು. ಎರಡು ಕಣಗಳು ಹೀಗೆ ಕೂಡಿ ಕೆಲಸಮಾಡಬಹುದೆಂದು ಮರಿಯ ಗೊಪರ್ಟ್ ೧೯೩೧ರಲ್ಲಿಯೇ ಗಣಿತದಿಂದ ಸಾಧಿಸಿದ್ದಳು. ಎಲೆಕ್ಟ್ರಾನುಗಳು ತಾವು ಪಡೆದ ಶಕ್ತಿಯನ್ನು ಪರಮಾಣುಗಳಿಗೆ ದಾಟಿಸುವ ಹೊತ್ತಿಗೆ ಮಿಡಿತ ಮುಗಿದೇ ಹೋಗಿರುವುದು. ಗಾಜಿನಲ್ಲಿ ಉಷ್ಣ ಹತ್ತು ನ್ಯಾನೊಸೆಕೆಂಡುಗಳಲ್ಲಿ ಮೈಕ್ರೋಮೀಟರಿನ ಏಳನೆಯ ಒಂದು ಪಾಲಿನಷ್ಟು ಹಬ್ಬಿದರೆ, ಮಿಡಿತದ ಅವಧಿಯಲ್ಲಿ ಹಬ್ಬುವ ದೂರ ಲೆಕ್ಕಕ್ಕೇ ಬಾರದು.

ಇದನ್ನು ‘ಉಷ್ಣವಿಲ್ಲದ ಛೇದನ’ವೆಂದು ಹೊಗಳುವುದುಂಟು. ಮಾತು ಸ್ವಲ್ಪ ಮಿತಿಮೀರಿದ್ದು. ಉಷ್ಣ ಹುಟ್ಟುವುದಿಲ್ಲವೆಂದಲ್ಲ, ಹಬ್ಬುವುದಕ್ಕೆ ಅವಕಾಶ ಸಿಗುವುದಿಲ್ಲ. ಒಂದೇ ಕಡೆ ಸೆಕೆಂಡಿಗೆ ಲಕ್ಷಗಟ್ಟಲೆ ಮಿಡಿತಗಳನ್ನು ಸುರಿದರೆ ಹಿಂದಿನದರ ಕಾವು ಆರುವ ಮುನ್ನ ಮುಂದಿನದು ಬಂದು ಗಾಜು ಕಾದೇ ಕಾಯುವುದು. ಕೊಳ್ಳಿಗಳನ್ನು ಯಾವಾಗ ಮುಂದಕ್ಕೆ ನೂಕಬೇಕೆಂಬುದನ್ನು ಸುತ್ತಿಗೆಯ ಧ್ವನಿಯಿಂದ ಅರಿತವನ ಕುಶಲತೆ ಈ ಯಂತ್ರಕ್ಕೂ ಬೇಕು.

ಕಾರ್ಖಾನೆಗಳಲ್ಲಿ ನೆಲೆಗೊಂಡ ಕ್ರಮವಾದರೋ ಕಲ್ಲುಕುಟಿಗನ ಎರಡನೆಯ ಉಪಾಯವೇ. ಶಂಕುವಿನಾಕಾರದ ಮಸೂರದ ಮೂಲಕ ಹಾಯಿಸಿದ ಕಿರಣ ಒಂದು ಬಿಂದುವಿನಲ್ಲಿ ಸೇರದೆ ಸೂಜಿಯಂತೆ ನೀಳವಾಗಿ ಸೇರುವುದರಿಂದ, ಒಂದೇ ಪೆಟ್ಟಿಗೆ ಗಾಜಿನ ಮೇಲಿನಿಂದ ಕೆಳಗಿನವರೆಗೆ ಕೂದಲಿಗಿಂತ ಎಷ್ಟೋ ಸಣ್ಣನೆಯ ಗುರುತು ಬೀಳುವುದು. ಗೆರೆಯ ಉದ್ದಕ್ಕೂ ಕೆಲವು ಮೈಕ್ರೋಮೀಟರುಗಳ ಅಂತರದಲ್ಲಿ ಇಂತಹ ಗುರುತುಗಳನ್ನು ಸಾಲಾಗಿ ಇಡುವರು. ಗೆರೆ ಕೊಂಕಾದರೂ ಚಿಂತೆಯಿಲ್ಲ. ಹಂಪೆಯ ಗುಳಿಗಳಿಗೂ ಇವಕ್ಕೂ ಗಾತ್ರದಲ್ಲಿ ಭೇದ, ನ್ಯಾಯದಲ್ಲಿ ಭೇದವಿಲ್ಲ. ಬೆಣೆ ಬಡಿಯುವ ಕೆಲಸ ಮಾತ್ರ ಉಳಿಯಿತು. ಅದನ್ನು ಸ್ವಲ್ಪ ಬಗ್ಗಿಸುವುದರಿಂದಲೋ, ಅಥವಾ ಸಾಲಿನ ಮೇಲೆ ಇಂಗಾಲಾಮ್ಲದ ಲೇಸರನ್ನು ಹಗುರವಾಗಿ ಹಾಯಿಸುವುದರಿಂದಲೋ ಮಾಡುವರು. ಹೊರಗೆ ಹಾಕಿದ ಬೆಂಕಿ ಹೀಗೆ ಕೊನೆಯ ಗಳಿಗೆಯಲ್ಲಿ ಹಿತ್ತಲ ಬಾಗಿಲಿನಿಂದ ಒಳಗೆ ಬರುವುದು.

ಮಧುಗಿರಿಗೆ ನೆರೆಯ ಪಾವಗಡದಲ್ಲಿ ಈಗ ಗಾಜಿನ ಹಾಸೇ ಹರಡಿದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ ೨೦೧೮ರಲ್ಲಿ ಉದ್ಘಾಟನೆಯಾದ ಸೌರವಿದ್ಯುತ್ ಉದ್ಯಾನ ೨೦೧೯ರ ಕೊನೆಯ ಹೊತ್ತಿಗೆ ೨೦೫೦ ಮೆಗಾವಾಟಿನ ಸಾಮರ್ಥ್ಯಕ್ಕೆ ಬೆಳೆಯಿತು. ಮಳೆ ಕಡಮೆಯಾದ, ಬಂಡೆ ಹೆಚ್ಚಾದ ಆ ನೆಲದಲ್ಲಿ ಹಗಲೆಲ್ಲ ಬಿಸಿಲಿಗೆ ಕಾಯುತ್ತ ಇರುಳೆಲ್ಲ ಆರುತ್ತ ನಿಲ್ಲಬೇಕಾದ ಫಲಕಗಳಿಗೆ ಹೊದಿಕೆ ಗಾಜು. ಆಲಿಕಲ್ಲನ್ನೂ ಗಾಳಿಯನ್ನೂ ತಡೆಯುವಂತೆ ಇಂತಹ ಗಾಜನ್ನು ಕೆಂಪೇರುವಷ್ಟು ಕಾಯಿಸಿ, ಮೇಲ್ಮೈಯ ಮೇಲೆ ತಣ್ಣನೆಯ ಗಾಳಿಯನ್ನು ಊದಿ ಹದಗೊಳಿಸುವರು. ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಗು ಆಮೇಲೆ ಕುಗ್ಗಿ, ಹೊರಗಿನ ಪದರ ಒತ್ತಡದಲ್ಲಿಯೂ ಒಳಗಿನದು ಎಳೆತದಲ್ಲಿಯೂ ನಿಲ್ಲುವುವು. ಬಂಡೆಯನ್ನು ಒಡೆಯುವ ಸೆಣಸೇ ಇಲ್ಲಿ ಗಾಜನ್ನು ಕಾಯುವುದು. ಆದಕಾರಣ ಅಳತೆಗೆ ಸೀಳುವುದನ್ನೂ ತಂತಿ ಹೊರಡುವುದಕ್ಕೆ ರಂಧ್ರ ಕೊರೆಯುವುದನ್ನೂ ಹದಗೊಳಿಸುವ ಮುನ್ನವೇ ಮುಗಿಸಬೇಕು. ಆಮೇಲೆ ಒಳಗಿನ ಪದರಕ್ಕೆ ಒಂದು ಬಿರುಕು ತಾಗಿದರೂ ಹಲಗೆಯೆಲ್ಲ ಒಂದೇ ಗಳಿಗೆಯಲ್ಲಿ ಜೋಳದ ಕಾಳಿನಂತಹ ತುಣುಕುಗಳಾಗಿ ಉದುರುವುದು.